ಪಿಕಪ್ ಇಲ್ಲದ ಗಾಡಿ, ಕೈ ಹೋಗದ ಪೈಪು

ಕೊಡಗಿನ ಯಾವ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೂ ಇಂಥ ಮಾತು ಕಿವಿಗೆ ಬೀಳುತ್ತದೆ. "ಅಣ್ಣಾ, ಗಾಡಿ ಎಳೀತಾ ಇಲ್ಲ. ಕುಶಾಲನಗರ ಕಡೆ ಆರಾಮಾಗಿ ಹೋಗುತ್ತೆ. ಸಂಪಾಜೆ ಘಾಟಿ ಹತ್ತುವಾಗ ಮಾತ್ರ ಸೆಕೆಂಡ್ ಗೇರೇ ಗತಿ. ಹಿಂದೆ ಕರಿ ಹೊಗೆ ಬೇರೆ." ಪಕ್ಕದಲ್ಲಿ ನಿಂತವರು ತೀರ್ಪು ಕೊಟ್ಟೇಬಿಡುತ್ತಾರೆ: "ಟರ್ಬೊ ಹೋಗಿದೆ ಮಾರಾಯ್ರೆ."

ಹೋಗಿರಬಹುದು. ಆದರೆ ಎಂಜಿನ್ನಿಗೆ ಒತ್ತಿ ಗಾಳಿ ಊದುವ ಈ ಟರ್ಬೊಗೆ ಸ್ಪಾನರ್ ಹಾಕುವ ಮೊದಲು ಎಂಜಿನ್ನಿನ ಹಿಂದಿನ ಸಂದಿಯಲ್ಲಿ ಅಡಗಿರುವ ಎರಡು ಸಣ್ಣ ವಸ್ತುಗಳನ್ನು ನೋಡಲೇಬೇಕು. ಒಂದು ವ್ಯಾಕ್ಯೂಮ್ ಹೋಸ್ ಎಂಬ ಸಣ್ಣ ರಬ್ಬರ್ ಪೈಪು, ಇನ್ನೊಂದು ಅದರ ತುದಿಯಲ್ಲಿರುವ, ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್, ಅಂದರೆ ಸೊಲೆನಾಯ್ಡ್. ಟರ್ಬೊ ಬದಲಿಸಲು ಹತ್ತಾರು ಸಾವಿರ ಬೇಕು. ಹೋಸ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಒಳ್ಳೆಯ ಟರ್ಬೊ ಬಿಚ್ಚಿ ಹೊಸದು ಹಾಕಿಸಿಕೊಂಡು, ಅದೇ ಒಡಕು ಪೈಪಿನಲ್ಲಿ ಮತ್ತೆ ಘಾಟಿ ಹತ್ತುವವರನ್ನು ಕಂಡಾಗ ನಿಜಕ್ಕೂ ಬೇಜಾರಾಗುತ್ತದೆ. ಅದಕ್ಕೇ ಈ ವಿಷಯವನ್ನು ಬುಡದಿಂದ ಹೇಳುತ್ತೇನೆ.

ಗಾಳಿ ಎಳೆಯುವ ಶಕ್ತಿ ಎಲ್ಲಿಂದ ಬರುತ್ತದೆ

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬರುವ ದಾರಿಗೆ ಥ್ರಾಟಲ್ ಎಂಬ ಬಾಗಿಲಿದೆ. ಆಕ್ಸಿಲರೇಟರ್ ಬಿಟ್ಟಾಗ ಬಾಗಿಲು ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಪಿಸ್ಟನ್‌ಗಳು ಮಾತ್ರ ಗಾಳಿ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೊರಗಿನದಕ್ಕಿಂತ ತುಂಬಾ ಕಡಿಮೆಯಾಗುತ್ತದೆ. ಇದೇ ವ್ಯಾಕ್ಯೂಮ್.

ಡೀಸೆಲ್‌ನಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿ ಗಾಳಿಯನ್ನು ಹಾಗೆ ತಡೆಯುವುದಿಲ್ಲ. ಆದ್ದರಿಂದ ಬೇರೆ ವ್ಯಾಕ್ಯೂಮ್ ಪಂಪ್ ಕೊಟ್ಟಿರುತ್ತಾರೆ. ಕೆಲವು ಗಾಡಿಗಳಲ್ಲಿ ಅದು ಆಲ್ಟರ್ನೇಟರ್ ಬೆನ್ನಿಗೆ ಇರುತ್ತದೆ, ಕೆಲವದರಲ್ಲಿ ಕ್ಯಾಮ್‌ಶಾಫ್ಟ್ ತುದಿಯಲ್ಲಿ. ಆ ಪಂಪಿನಿಂದ ಹೊರಡುವ ದಪ್ಪ ಪೈಪು ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿಗೆ ಹೋಗುತ್ತದೆ. ಅದರಿಂದ ಕವಲೊಡೆದ ಸಣ್ಣ ಪೈಪುಗಳು ಟರ್ಬೊ ಮತ್ತು ಇಜಿಆರ್ (ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಕಡೆಗೆ ಹೋಗುತ್ತವೆ.

ಅಂದರೆ ಬ್ರೇಕಿಗೂ ಟರ್ಬೊಗೂ ಒಂದೇ ಪಂಪು. ಸಣ್ಣ ಪೈಪಿನಲ್ಲಿ ದೊಡ್ಡ ಸೋರಿಕೆ ಇದ್ದರೆ ಬೂಸ್ಟರಿಗೆ ವ್ಯಾಕ್ಯೂಮ್ ಬೇಗ ಸಿಗುವುದಿಲ್ಲ. ಮಾಕುಟ್ಟ ಘಾಟಿ ಇಳಿಯುವಾಗ ತಿರುವಿಗೊಂದು ಸಲ ಬ್ರೇಕ್ ಒತ್ತುತ್ತಾ ಹೋದರೆ ಪೆಡಲ್ ಮೆಲ್ಲಗೆ ಗಟ್ಟಿಯಾಗತೊಡಗುತ್ತದೆ. "ಪಿಕಪ್ ಸ್ವಲ್ಪ ಕಮ್ಮಿ, ಪರವಾಗಿಲ್ಲ, ಆಮೇಲೆ ನೋಡೋಣ" ಎನ್ನುವವರಿಗೆ ನಾನು ಮೊದಲು ಕೇಳುವುದು ಇದನ್ನೇ: ಬ್ರೇಕ್ ಹೇಗಿದೆ?

ಸೊಲೆನಾಯ್ಡ್ ಮಾಡುವ ಕೆಲಸ

ಸೊಲೆನಾಯ್ಡ್ ಎಂದರೆ ತಾಮ್ರದ ತಂತಿಯ ಸುರುಳಿ, ಅದರೊಳಗೆ ಕಬ್ಬಿಣದ ಚಿಕ್ಕ ಕಡ್ಡಿ, ಕಡ್ಡಿಯನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗ್. ಕರೆಂಟ್ ಬಂದಾಗ ಕಡ್ಡಿ ಸರಿದು ದಾರಿ ತೆರೆಯುತ್ತದೆ. ಕರೆಂಟ್ ನಿಂತಾಗ ಸ್ಪ್ರಿಂಗ್ ದಾರಿ ಮುಚ್ಚುತ್ತದೆ. ಟರ್ಬೊ ಸೊಲೆನಾಯ್ಡಿಗೆ ಸಾಮಾನ್ಯವಾಗಿ ಮೂರು ಬಾಯಿ. ಒಂದಕ್ಕೆ ಪಂಪಿನಿಂದ ವ್ಯಾಕ್ಯೂಮ್ ಬರುತ್ತದೆ. ಇನ್ನೊಂದರಿಂದ ಅದು ಟರ್ಬೊ ಆಕ್ಚುಯೇಟರಿಗೆ, ಅಂದರೆ ಟರ್ಬೊದ ಸರಳನ್ನು ಸರಿಸುವ ಡಬ್ಬಿಗೆ, ಹೋಗುತ್ತದೆ. ಮೂರನೆಯದು ಹೊರಗಾಳಿಗೆ ತೆರೆದಿರುತ್ತದೆ, ಅದರ ತುದಿಗೆ ಚಿಕ್ಕ ಸ್ಪಂಜಿನ ಫಿಲ್ಟರ್ ಇರುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸೆಕೆಂಡಿಗೆ ಹತ್ತಾರು, ನೂರಾರು ಸಲ ಕರೆಂಟ್ ಕೊಟ್ಟು ನಿಲ್ಲಿಸುತ್ತದೆ. ಕೊಡುವ ಹೊತ್ತು ಜಾಸ್ತಿಯಾದರೆ ಆಕ್ಚುಯೇಟರಿಗೆ ವ್ಯಾಕ್ಯೂಮ್ ಜಾಸ್ತಿ. ಕಡಿಮೆಯಾದರೆ ಹೊರಗಾಳಿ ನುಗ್ಗಿ ವ್ಯಾಕ್ಯೂಮ್ ಇಳಿಯುತ್ತದೆ. ಹೀಗೆ ಟರ್ಬೊ ಎಷ್ಟು ಊದಬೇಕು ಎಂಬುದನ್ನು ಇಂಚಿಂಚಾಗಿ ಹಿಡಿದಿಡುತ್ತದೆ.

ಈಗ ಪೈಪು ಒಡೆದರೆ? ತೂತಾದ ಸ್ಟ್ರಾ ಹಾಕಿ ಎಳನೀರು ಕುಡಿಯಲು ಹೋದ ಹಾಗೆ. ಎಷ್ಟು ಎಳೆದರೂ ಬಾಯಿಗೆ ಬರುವುದು ಗಾಳಿಯೇ. ವಿಜಿಟಿ (ಒಳಗೆ ಸರಿಯುವ ರೆಕ್ಕೆಗಳಿರುವ) ಟರ್ಬೊ ಇರುವ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ವ್ಯಾಕ್ಯೂಮ್ ಬಂದಾಗಲೇ ಟರ್ಬೊ ಒಳಗಿನ ರೆಕ್ಕೆಗಳು ದಾರಿ ಕಿರಿದು ಮಾಡಿ ಬೂಸ್ಟ್, ಅಂದರೆ ಊದುವ ಗಾಳಿಯ ಒತ್ತಡ, ಏರಿಸುತ್ತವೆ. ಪೈಪು ಸೋರಿದರೆ ರೆಕ್ಕೆಗಳು ತೆರೆದೇ ಉಳಿಯುತ್ತವೆ. ಕಡಿಮೆ ಆರ್‌ಪಿಎಂನಲ್ಲಿ ಎಳೆತವೇ ಇರುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ನಿಗೆ ಅಷ್ಟು ಬೂಸ್ಟ್ ಬೇಕಾಗಿಲ್ಲ, ಹಾಗಾಗಿ ಅಲ್ಲಿ ಗೊತ್ತಾಗುವುದಿಲ್ಲ. ಕಾಫಿ ಮೂಟೆ ಹೇರಿಕೊಂಡು ಏರು ಹತ್ತುವಾಗ ಬಣ್ಣ ಬಯಲಾಗುತ್ತದೆ.

ಒಂದು ಎಚ್ಚರಿಕೆ. ಎಲ್ಲ ಟರ್ಬೊಗಳೂ ಹೀಗಲ್ಲ. ಕೆಲವು ಟರ್ಬೊಗಳಲ್ಲಿ ಹೆಚ್ಚಾದ ಹೊಗೆಯನ್ನು ಬೇರೆ ದಾರಿಗೆ ಬಿಡುವ ವೇಸ್ಟ್‌ಗೇಟ್ ಎಂಬ ಬಾಗಿಲು ವ್ಯಾಕ್ಯೂಮ್ ಬದಲು ಬೂಸ್ಟ್ ಒತ್ತಡದಿಂದಲೇ ತೆರೆಯುತ್ತದೆ. ಅಲ್ಲಿ ಆ ಪೈಪು ಕಿತ್ತುಬಂದರೆ ಬೂಸ್ಟ್ ಕಡಿಮೆಯಾಗುವ ಬದಲು ಮಿತಿಮೀರಿ ಏರುತ್ತದೆ. ಗೊತ್ತಿಲ್ಲದೆ ಸುಮ್ನೆ ಪೈಪು ಕಿತ್ತು ಓಡಿಸಿ ನೋಡುವುದು ಅಪಾಯ.

ಇಜಿಆರ್ ಸೊಲೆನಾಯ್ಡಿನ ಆಟ ಬೇರೆ. ಅದು ಒಳಗೆ ಸೋರಿ, ಬೇಡದ ಹೊತ್ತಲ್ಲೂ ವ್ಯಾಕ್ಯೂಮ್ ಬಿಟ್ಟರೆ ಇಜಿಆರ್ ವಾಲ್ವ್ ತೆರೆದೇ ಇರುತ್ತದೆ. ಹೊಗೆ ಮತ್ತೆ ಎಂಜಿನ್ನಿಗೆ ನುಗ್ಗಿ ಕರಿ ಹೊಗೆ ಬರುತ್ತದೆ, ಎಳೆತ ಬೀಳುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಹೋಸ್ ಸೋರಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಐಡ್ಲಿಂಗ್ ಏರಿಳಿಯುತ್ತದೆ. ಪೆಟ್ರೋಲ್ ತುಂಬಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದರೆ, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ಸೊಲೆನಾಯ್ಡ್ ಮುಚ್ಚದೆ ತೆರೆದೇ ಉಳಿದಿದೆಯಾ ಎಂದು ಮೊದಲು ನೋಡಿ.

ನಮ್ಮ ಕಡೆ ಇವು ಯಾಕೆ ಕೆಡುತ್ತವೆ

ರಬ್ಬರಿಗೆ ಬಿಸಿಯೇ ಮುಖ್ಯ ಶತ್ರು. ಹಳೆಯ ಹೋಸಿನ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಕಥೆ ಗೊತ್ತಾಗುತ್ತದೆ. ನಡುಭಾಗ ಇನ್ನೂ ಮೆತ್ತಗಿರುತ್ತದೆ. ತುದಿಯ ಒಂದು ಸೆಂಟಿಮೀಟರ್ ಮಾತ್ರ ಗಟ್ಟಿಯಾಗಿ, ನಿಪ್ಪಲ್ (ಪೈಪು ಸಿಕ್ಕಿಸುವ ಮೊನೆ) ಕೂತಿದ್ದ ಜಾಗದಲ್ಲಿ ಅಗಲವಾಗಿ, ಒಳಗೆ ಹೊಳೆಯುವ ಉಂಗುರದ ಗುರುತು ಬಿದ್ದಿರುತ್ತದೆ. ಬೆರಳಲ್ಲಿ ಮಡಚಿದರೆ ಕೂದಲೆಳೆಯ ಬಿರುಕುಗಳು ಬಾಯಿ ಬಿಡುತ್ತವೆ. ಹೊರಗಿಂದ ನೋಡಿದರೆ ಪೈಪು ಸರಿಯಾಗಿಯೇ ಕೂತಿದೆ. ಆದರೆ ಹಿಡಿತ ಇಲ್ಲ.

ಇಲಿ ಎರಡನೆಯದು. ತೋಟದ ಶೆಡ್ಡಿನಲ್ಲಿ ಭತ್ತ, ಕಾಫಿ ಮೂಟೆಗಳ ಪಕ್ಕ ಗಾಡಿ ನಿಲ್ಲಿಸಿದರೆ ಇಲಿಗೆ ಎಂಜಿನ್ ಬೆಚ್ಚಗಿನ ಮನೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅದು ಕಡಿದ ಪೈಪಿನ ಅಂಚು ಚೂರುಚೂರಾಗಿರುತ್ತದೆ, ಬಿಸಿಗೆ ಒಡೆದದ್ದು ಉದ್ದಕ್ಕೆ ಸೀಳಿರುತ್ತದೆ. ಇಲಿಯ ಕೆಲಸ ಎಂದು ಖಚಿತವಾದರೆ ವೈರುಗಳನ್ನೂ ನೋಡಿ. ಅದು ಒಂದೇ ಕಡೆ ಕಚ್ಚಿ ಸುಮ್ಮನಾಗುವ ಪ್ರಾಣಿಯಲ್ಲ.

ಕಣಜವನ್ನು ಯಾರೂ ಅನುಮಾನಿಸುವುದಿಲ್ಲ. ಗೂಡು ಕಟ್ಟುವ ಕಣಜಕ್ಕೆ ತೆರೆದ ಸಣ್ಣ ತೂತು ಕಂಡರೆ ಸಾಕು, ಮಣ್ಣು ತಂದು ಮೆತ್ತುತ್ತದೆ. ಸೊಲೆನಾಯ್ಡಿನ ಹೊರಗಾಳಿ ಬಾಯಿಯ ಫಿಲ್ಟರ್ ಬಿದ್ದುಹೋಗಿದ್ದು, ಗಾಡಿ ಕೆಲವು ವಾರ ನಿಂತಲ್ಲೇ ನಿಂತಿದ್ದರೆ ಆ ಬಾಯಿ ಮುಚ್ಚಿಹೋಗಬಹುದು. ಆಗ ವ್ಯಾಕ್ಯೂಮ್ ಬರುತ್ತದೆ, ಬಿಡುಗಡೆಯಾಗುವುದಿಲ್ಲ.

ನಾಲ್ಕನೆಯದು ನೀರು. ವೈಪರ್ ಕೆಳಗೆ ಕೌಲ್ ಎನ್ನುವ ಪ್ಲಾಸ್ಟಿಕ್ ತಟ್ಟೆ ಇದೆಯಲ್ಲ, ಅದರೊಳಗೆ ಸಿಲ್ವರ್ ಓಕ್ ಎಲೆ ತುಂಬಿಕೊಂಡು ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ. ಮಳೆನೀರು ಉಕ್ಕಿ, ಎಂಜಿನ್ನಿಗೂ ಗಾಡಿಯ ಒಳಭಾಗಕ್ಕೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲ್ ಮೇಲೆ ಇಳಿಯುತ್ತದೆ. ಅಲ್ಲೇ ಸೊಲೆನಾಯ್ಡ್ ಇದ್ದರೆ ಕನೆಕ್ಟರ್ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಸೊಲೆನಾಯ್ಡ್ ಚೆನ್ನಾಗಿಯೇ ಇರುತ್ತದೆ, ಕರೆಂಟೇ ತಲುಪುವುದಿಲ್ಲ.

ಬಿಚ್ಚುವ ಮೊದಲು ಪತ್ತೆ

ಸ್ಕ್ಯಾನರ್ ಹಾಕಿದರೆ ಕೋಡ್ ಬರುತ್ತದೆ. ಅದನ್ನು ಓದುವುದರಲ್ಲಿ ಒಂದು ಸೂಕ್ಷ್ಮ ಇದೆ. ಪಿ0299 ಎಂದರೆ ಬೂಸ್ಟ್ ಸಾಲದು, ಪಿ0234 ಎಂದರೆ ಬೂಸ್ಟ್ ಅತಿಯಾಗಿದೆ. ಇವೆರಡೂ ಫಲಿತಾಂಶ ಮಾತ್ರ ಹೇಳುತ್ತವೆ, ಕಾರಣ ಹೇಳುವುದಿಲ್ಲ. ಪಿ0243 ವೇಸ್ಟ್‌ಗೇಟ್ ಸೊಲೆನಾಯ್ಡಿನ ಸರ್ಕ್ಯೂಟ್, ಪಿ0403 ಇಜಿಆರ್ ಸರ್ಕ್ಯೂಟ್, ಪಿ0443 ಪರ್ಜ್ ಸರ್ಕ್ಯೂಟ್. ಇವು ವೈರು, ಕನೆಕ್ಟರ್, ಸುರುಳಿಯ ಕಡೆ ಬೆರಳು ತೋರಿಸುತ್ತವೆ. ಪೈಪು ಹರಿದು ಎರಡು ತುಂಡಾಗಿದ್ದರೂ ಸರ್ಕ್ಯೂಟ್ ಕೋಡ್ ಬರುವುದಿಲ್ಲ, ಯಾಕೆಂದರೆ ಸೊಲೆನಾಯ್ಡಿನ ಕಡೆಯಿಂದ ಇಸಿಯುಗೆ ಕಾಣುವುದು ಕರೆಂಟ್ ಮಾತ್ರ. ಪಿ0299 ಒಂದೇ ಇದ್ದು ಸರ್ಕ್ಯೂಟ್ ಕೋಡ್ ಯಾವುದೂ ಇಲ್ಲದಿದ್ದರೆ ನಾನು ಮೊದಲು ಹುಡುಕುವುದು ಸೋರಿಕೆಯನ್ನೇ.

ಹುಡುಕಲು ಗೇಜ್ ಇರುವ ಕೈ ವ್ಯಾಕ್ಯೂಮ್ ಪಂಪ್ ಒಂದು ಸಾಕು. ಕೈ ಹೋಗದ ಜಾಗಕ್ಕೆ ಈಗಲೇ ಹೋಗಬೇಕಾಗಿಲ್ಲ. ಕೈಗೆ ಸಿಗುವ ತುದಿಯಿಂದ ಶುರು ಮಾಡಿ. ವ್ಯಾಕ್ಯೂಮ್ ಪಂಪಿನ ಹತ್ತಿರ ಸಣ್ಣ ಪೈಪು ಕಿತ್ತು, ಅಲ್ಲಿಂದ ಒಳಕ್ಕೆ ಎಳೆದು ನೋಡಿ. ಮುಳ್ಳು ನಿಂತರೆ ಅಲ್ಲಿಂದ ಸೊಲೆನಾಯ್ಡ್ ತನಕ ಸರಿ ಇದೆ. ಬಿದ್ದರೆ ಸೋರಿಕೆ ಅದೇ ದಾರಿಯಲ್ಲಿದೆ. ಆಮೇಲೆ ಟರ್ಬೊ ಆಕ್ಚುಯೇಟರ್ ಕಡೆಯಿಂದ ಹೀಗೇ ಮಾಡಿ. ವ್ಯಾಕ್ಯೂಮ್ ಕೊಟ್ಟಾಗ ಅದರ ಸರಳು ನಯವಾಗಿ ಸರಿಯಬೇಕು, ಒಂದು ನಿಮಿಷ ಹಾಗೇ ನಿಲ್ಲಬೇಕು. ನಡುವೆ ಸಿಕ್ಕಿಕೊಂಡರೆ ಮಾತ್ರ ಟರ್ಬೊ ಮೇಲೆ ಅನುಮಾನ ಪಡಿ.

ಗೇಜ್ ಓದುವಾಗ ನಮ್ಮ ಊರಿನ ಎತ್ತರ ನೆನಪಿರಲಿ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ ಪಾದರಸದ ಲೆಕ್ಕದಲ್ಲಿ 760 ಮಿ.ಮೀ. ಆಸುಪಾಸು ಇದ್ದರೆ ಇಲ್ಲಿ ಸುಮಾರು 660 ಮಾತ್ರ. ಇಲ್ಲಿ ಎಷ್ಟೇ ಒಳ್ಳೆಯ ಪಂಪ್ ಇದ್ದರೂ ಗೇಜ್ ಅದಕ್ಕಿಂತ ಮೇಲೆ ಹೋಗಲು ಸಾಧ್ಯವೇ ಇಲ್ಲ. ಕಂಪನಿ ಪುಸ್ತಕದಲ್ಲಿ 700 ಬರಬೇಕು ಎಂದಿದ್ದರೆ ಅದು ಕರಾವಳಿ ಮಟ್ಟದ ಲೆಕ್ಕ. ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಕರಾವಳಿಯಲ್ಲಿ 430ರಿಂದ 530 ತೋರಿಸಿದರೆ ಇಲ್ಲಿ ಸುಮಾರು 100 ಕಡಿಮೆ ತೋರಿಸುತ್ತದೆ. ಇದನ್ನು ತಿಳಿಯದೆ ಚೆನ್ನಾಗಿರುವ ಪಂಪನ್ನು ಕೆಟ್ಟಿದೆ ಎಂದು ಎಸೆಯಬೇಡಿ.

ಸೊಲೆನಾಯ್ಡಿನ ಸುರುಳಿಯನ್ನು ಮಲ್ಟಿಮೀಟರಿನಲ್ಲಿ ನೋಡಬಹುದು. ಸಾಮಾನ್ಯವಾಗಿ 10ರಿಂದ 40 ಓಮ್ ಒಳಗೆ ಬರುತ್ತದೆ, ಸರಿಯಾದ ಅಂಕಿ ಆ ಮಾಡೆಲಿನ ಪುಸ್ತಕದಲ್ಲಿರುತ್ತದೆ. ಏನೂ ತೋರಿಸದಿದ್ದರೆ ತಂತಿ ಹರಿದಿದೆ. 12 ವೋಲ್ಟ್ ಕೊಟ್ಟಾಗ 'ಟಿಕ್' ಎಂದರೆ ಸರಿ ಇದೆ ಎಂದು ಹಲವರು ತೀರ್ಮಾನಿಸುತ್ತಾರೆ. ಅದು ಸಾಲದು. ಕಡ್ಡಿ ಸರಿದ ಶಬ್ದ ಬಂದರೂ ಒಳಗಿನ ಸೀಲ್ ಸವೆದು ಸೋರುತ್ತಿರಬಹುದು. ವ್ಯಾಕ್ಯೂಮ್ ಹಿಡಿದು ನಿಲ್ಲಿಸುತ್ತದೆಯೇ ಎಂದು ಕೈ ಪಂಪಿನಲ್ಲೇ ನೋಡಬೇಕು.

ಪೆಟ್ರೋಲ್ ಗಾಡಿಗೆ ಕಾರ್ಬ್ ಕ್ಲೀನರ್ ಚಿಮುಕಿಸಿ ಸೋರಿಕೆ ಹುಡುಕುವವರಿದ್ದಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಯ ಜೊತೆ ಸರಸ. ಹೊಗೆ ಬಿಟ್ಟು ನೋಡುವ ಸ್ಮೋಕ್ ಟೆಸ್ಟ್ ಇರುವ ಗ್ಯಾರೇಜ್ ಸಿಕ್ಕರೆ ಅಲ್ಲೇ ಮಾಡಿಸಿ.

ಕೈ ಹೋಗದ ಜಾಗಕ್ಕೆ ಹೋಗುವುದು

ಎಂಜಿನ್ ಅಡ್ಡಡ್ಡವಾಗಿ ಕೂತಿರುವ ಕಾರುಗಳಲ್ಲಿ ಎಂಜಿನ್ನಿಗೂ ಫೈರ್‌ವಾಲಿಗೂ ನಡುವೆ ಅಂಗೈ ದಾಟುವಷ್ಟು ಜಾಗವೂ ಇರುವುದಿಲ್ಲ. ಸೊಲೆನಾಯ್ಡ್ ಅಲ್ಲೇ, ಕೆಲವೊಮ್ಮೆ ಮ್ಯಾನಿಫೋಲ್ಡ್ ಅಡಿಯಲ್ಲಿ. ಮೇಲಿಂದ ಕಣ್ಣಿಗೆ ಕಂಡರೆ ಕೈ ಹೋಗದು, ಕೈ ಹೋದರೆ ಕಣ್ಣಿಗೆ ಕಾಣದು.

ಹೆಚ್ಚಿನವರು ಇಲ್ಲಿ ತೋಳು ಗೀಚಿಕೊಂಡು ಗುದ್ದಾಡುತ್ತಾರೆ. ಅದರ ಬದಲು ವೈಪರ್ ತೋಳು, ಕೌಲ್ ತಟ್ಟೆ, ಏರ್ ಫಿಲ್ಟರ್ ಡಬ್ಬ ಬಿಚ್ಚಿಬಿಡಿ. ಅರ್ಧ ಗಂಟೆಯ ಕೆಲಸ, ಆದರೆ ಮೇಲಿಂದ ಎರಡು ಕೈಯೂ ಇಳಿಯುತ್ತದೆ. ತಟ್ಟೆಯೊಳಗಿನ ಎಲೆ ಕಸವೂ ಆಗಲೇ ತೆಗೆದ ಹಾಗಾಗುತ್ತದೆ. ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದಿರಲಿ. ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳು ಅಡ್ಡ ಬಂದರೂ ಮುಟ್ಟಬೇಡಿ. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕಾಮನ್ ರೈಲಿನಲ್ಲಿ ಎಂಜಿನ್ ಭಾರ ಎಳೆಯುವಾಗ 1,000 ಬಾರ್‌ಗೂ ಮಿಕ್ಕಿದ ಒತ್ತಡ ಇರುತ್ತದೆ. ಅದನ್ನು ಬಿಚ್ಚುವುದು ಬೇರೆಯೇ ಕೆಲಸ, ಅನುಭವಿ ಮೆಕ್ಯಾನಿಕ್ ಕೈಗೇ ಬಿಡಬೇಕಾದದ್ದು. ಮ್ಯಾನಿಫೋಲ್ಡ್ ತೆಗೆಯಲೇಬೇಕಾದ ಎಂಜಿನ್ ಆದರೆ ಹೊಸ ಗ್ಯಾಸ್ಕೆಟ್ ಮೊದಲೇ ತಂದಿಟ್ಟುಕೊಳ್ಳಿ, ತೆರೆದ ಬಾಯಿಗಳನ್ನು ಬಟ್ಟೆ ಅಥವಾ ಟೇಪಿನಿಂದ ಮುಚ್ಚಿ. ಒಂದು ಸಣ್ಣ ನಟ್ ಒಳಗೆ ಬಿದ್ದರೆ ಎಂಜಿನ್ನೇ ಹೋದೀತು.

ಏನನ್ನೂ ಕೀಳುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಕಾಣದ ಕಡೆಗೆ ಮೊಬೈಲಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಇಳಿಬಿಡಿ. ಪ್ರತಿ ಪೈಪಿಗೂ ಅದರ ನಿಪ್ಪಲಿಗೂ ಮಾಸ್ಕಿಂಗ್ ಟೇಪ್ ಸುತ್ತಿ ಒಂದೇ ನಂಬರ್ ಬರೆಯಿರಿ. ಸೊಲೆನಾಯ್ಡಿನಲ್ಲಿ ಪೈಪು ಸಿಕ್ಕಿಸುವ ಬಾಯಿಗಳು ನೋಡಲು ಒಂದೇ ಥರ. ಪೈಪು ಅದಲುಬದಲಾದರೆ ಹೊಸ ಸೊಲೆನಾಯ್ಡ್ ಹಾಕಿದ ಮೇಲೂ ಹಳೆ ರೋಗ ಹಾಗೇ ಇರುತ್ತದೆ, ತಪ್ಪು ಎಲ್ಲಿದೆ ಎಂದು ಹೊಳೆಯುವುದೂ ಇಲ್ಲ.

ಹಳೆಯ ಪೈಪನ್ನು ಜಗ್ಗಬೇಡಿ. ನಿಪ್ಪಲ್ ಪ್ಲಾಸ್ಟಿಕ್ಕಿನದು, ವರ್ಷಗಟ್ಟಲೆ ಬೆಂದು ಹಪ್ಪಳದಂತಾಗಿರುತ್ತದೆ. ಟಕ್ ಎಂದು ಮುರಿದರೆ ನೂರು ರೂಪಾಯಿ ಕೆಲಸ ಸಾವಿರಕ್ಕೆ ಏರುತ್ತದೆ. ಬೆರಳಲ್ಲಿ ಹಿಡಿದು ಮೊದಲು ತಿರುಗಿಸಿ, ಹಿಡಿತ ಬಿಟ್ಟ ಮೇಲೆ ಎಳೆಯಿರಿ. ತಿರುಗದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆ ಸುಲಿಯಿರಿ. ಬ್ಲೇಡ್ ನಿಪ್ಪಲಿಗೆ ತಾಗಿ ಗೀರು ಬಿದ್ದರೆ ಅಲ್ಲಿಂದಲೇ ಸೋರುತ್ತದೆ, ಆದ್ದರಿಂದ ಆಳಕ್ಕೆ ಒತ್ತಬೇಡಿ. ಕನೆಕ್ಟರಿನ ಲಾಕ್ ಕೂಡ ಹಾಗೇ. ಒತ್ತುವ ಮೊದಲು ಕನೆಕ್ಟರನ್ನು ಒಮ್ಮೆ ಒಳಕ್ಕೆ ತಳ್ಳಿ, ಲಾಕ್ ಸಡಿಲವಾಗುತ್ತದೆ. ಆಮೇಲೆ ಒತ್ತಿ ಎಳೆಯಿರಿ.

ಹಳೆಯ ಪೈಪು ಎಂಜಿನ್ನಿನ ಹಿಂದೆ ಎಲ್ಲೆಲ್ಲೋ ಸುತ್ತಿಕೊಂಡು ಹೋಗಿದ್ದರೆ, ಹೊರಗೆ ಎಳೆಯುವ ಮೊದಲು ಅದರ ತುದಿಗೆ ಉದ್ದನೆಯ ನೈಲಾನ್ ದಾರ ಕಟ್ಟಿ. ಪೈಪು ಹೊರಬಂದಾಗ ದಾರ ಅದೇ ದಾರಿಯಲ್ಲಿ ಉಳಿಯುತ್ತದೆ. ಹೊಸ ಪೈಪನ್ನು ದಾರಕ್ಕೆ ಕಟ್ಟಿ ಹಿಂದಕ್ಕೆ ಎಳೆದರೆ ಸರಿಯಾದ ದಾರಿಯಲ್ಲೇ ಬಂದು ಕೂರುತ್ತದೆ.

ಅಷ್ಟು ಕಷ್ಟಪಟ್ಟು ಒಳಗೆ ಹೋದ ಮೇಲೆ ಒಡೆದ ಒಂದೇ ಪೈಪು ಬದಲಿಸಿ ಬರುವುದು ನನಗೆ ಒಪ್ಪಿಗೆ ಇಲ್ಲ. ಪಕ್ಕದ ಪೈಪಿಗೂ ಅಷ್ಟೇ ವಯಸ್ಸು, ಅಷ್ಟೇ ಬಿಸಿ. ಆ ಸಂದಿಯಲ್ಲಿರುವ ಎಲ್ಲ ಸಣ್ಣ ಪೈಪುಗಳನ್ನೂ ಒಟ್ಟಿಗೆ ಬದಲಿಸಿ. ಆದರೆ ಒಂದು ತೆಗೆದು ಒಂದು ಹಾಕಿ. ಎಲ್ಲ ಕಿತ್ತು ಗುಡ್ಡೆ ಹಾಕಬೇಡಿ.

ಹೋಸ್ ತರುವಾಗ ಹಳೆಯ ತುಂಡನ್ನು ಅಂಗಡಿಗೆ ಹಿಡಿದುಕೊಂಡೇ ಹೋಗಿ. ಮುಖ್ಯ ಅಳತೆ ಒಳ ವ್ಯಾಸ, ಸಾಮಾನ್ಯವಾಗಿ 3ರಿಂದ 4 ಮಿ.ಮೀ. ತುದಿ ಹಿಗ್ಗಿರುತ್ತದೆ, ಆದ್ದರಿಂದ ನಡುಭಾಗ ಕತ್ತರಿಸಿ ಅಳೆಯಿರಿ. ಅರ್ಧ ಮಿಲಿಮೀಟರ್ ದೊಡ್ಡದಾದರೂ ಹಿಡಿತ ಇರುವುದಿಲ್ಲ. ಡೀಸೆಲ್ ಗಾಡಿಯ ವ್ಯಾಕ್ಯೂಮ್ ಪಂಪಿನಲ್ಲಿ ಎಂಜಿನ್ ಆಯಿಲ್ ಓಡುತ್ತದೆ, ಅದರ ಪಸೆ ಪೈಪಿಗೂ ಬರುತ್ತದೆ. ಹಾಗಾಗಿ ಎಣ್ಣೆ ತಾಗಿದರೆ ಉಬ್ಬುವ ರಬ್ಬರ್ ಅಲ್ಲಿಗೆ ಆಗುವುದಿಲ್ಲ. ಬಣ್ಣಬಣ್ಣದ ಸಿಲಿಕಾನ್ ಹೋಸ್ ಬಿಸಿ ಚೆನ್ನಾಗಿ ತಡೆಯುತ್ತದೆ, ಆದರೆ ಎಣ್ಣೆಗೂ ಪೆಟ್ರೋಲ್ ಆವಿಗೂ ಅದು ಸರಿಯಲ್ಲ, ಪರ್ಜ್ ಲೈನಿಗಂತೂ ಹಾಕಲೇಬಾರದು. ಕಂಪನಿ ಕೊಡುವ ನೂಲಿನ ಹೊದಿಕೆಯ ಹೋಸ್ ಸಿಕ್ಕರೆ ಅದೇ ವಾಸಿ. ತೋಟದ ಡ್ರಿಪ್ ಪೈಪಿನ ತುಂಡು ಅಳತೆಗೆ ಸರಿಯಾಗಿ ಕೂರುತ್ತದೆ ಎಂದು ಹಾಕಿದವರಿದ್ದಾರೆ. ಬಿಸಿಗೆ ಅದು ಮೆತ್ತಗಾಗಿ, ವ್ಯಾಕ್ಯೂಮ್ ಎಳೆದಾಗ ಒಳಕ್ಕೆ ಕುಸಿದು ದಾರಿಯೇ ಮುಚ್ಚುತ್ತದೆ. ಸೊಲೆನಾಯ್ಡ್ ವಿಷಯದಲ್ಲಿ ಡೂಪ್ಲಿಕೇಟ್ ಬೇಡ. ನೋಡಲು ಒಂದೇ ಥರ ಇದ್ದರೂ ಒಳಗಿನ ಅಳತೆ ಬೇರೆಯಾದರೆ ಬೂಸ್ಟ್ ಲೆಕ್ಕ ತಪ್ಪುತ್ತದೆ. ಗೋಣಿಕೊಪ್ಪದಲ್ಲಿ ಇಲ್ಲ ಎಂದರೆ ಮೈಸೂರಿನಿಂದ ಬರುವ ತನಕ ಒಂದೆರಡು ದಿನ ಕಾಯುವುದೇ ಒಳ್ಳೆಯದು.

ಜೋಡಿಸುವಾಗ ಕೆಲಸ ಅರ್ಧಕ್ಕೆ ಇಳಿಸುವ ಉಪಾಯ ಒಂದಿದೆ. ಹೊಸ ಪೈಪುಗಳನ್ನು ಹೊರಗೇ, ಮೇಜಿನ ಮೇಲೆ, ಸೊಲೆನಾಯ್ಡಿಗೆ ಸಿಕ್ಕಿಸಿ. ನಿಪ್ಪಲಿಗೆ ಸೋಪಿನ ನೀರು ಸವರಿದರೆ ಸಲೀಸಾಗಿ ಏರುತ್ತದೆ, ಗ್ರೀಸ್ ಹಚ್ಚಬೇಡಿ. ಅಲ್ಲೇ ಕೈ ಪಂಪಿನಲ್ಲಿ ಪರೀಕ್ಷೆ ಮಾಡಿ. ಆಮೇಲೆ ಇಡೀ ಜೋಡಣೆಯನ್ನು ಒಟ್ಟಿಗೆ ಸಂದಿಗೆ ಇಳಿಸಿ. ಕತ್ತಲಲ್ಲಿ ಎರಡು ಬೆರಳಿನಲ್ಲಿ ಮಾಡಬೇಕಾದದ್ದು ಆಗ ಒಂದೆರಡು ಬೋಲ್ಟ್ ಬಿಗಿಯುವುದು ಮತ್ತು ಕನೆಕ್ಟರ್ ಸಿಕ್ಕಿಸುವುದು ಮಾತ್ರ. ಪೈಪಿನ ಇನ್ನೊಂದು ತುದಿ ಹೇಗೂ ಕೈಗೆ ಸಿಗುವ ಕಡೆ ಇರುತ್ತದೆ. ಪೈಪು ಎಲ್ಲೂ ಮಡಚಿಕೊಳ್ಳಬಾರದು, ಟರ್ಬೊ ಮತ್ತು ಎಕ್ಸಾಸ್ಟಿಗೆ ತಾಗಬಾರದು, ಹಳೆಯ ಕ್ಲಿಪ್ಪುಗಳಲ್ಲೇ ಹೋಗಬೇಕು.

ಗಾಡಿ ಹೊರಗೆ ತೆಗೆಯುವ ಮೊದಲು ಬ್ರೇಕ್ ನೋಡಿ. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡಿ. ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರಿಗೆ ವ್ಯಾಕ್ಯೂಮ್ ಬಂದಿದೆ. ಇಳಿಯದಿದ್ದರೆ ಘಾಟಿ ಕಡೆ ತಲೆ ಹಾಕಬೇಡಿ. ದಪ್ಪ ಪೈಪಿನಲ್ಲಿರುವ ಒನ್‌ವೇ ವಾಲ್ವ್ ತಿರುಗಾಮುರುಗಾ ಕೂತಿದೆಯಾ ನೋಡಿ, ಗಾಳಿ ಬೂಸ್ಟರಿನಿಂದ ಪಂಪಿನ ಕಡೆಗೆ ಮಾತ್ರ ಹೋಗಬೇಕು.

ಹಳೆಯ ಕೋಡ್ ಅಳಿಸಿ, ಸ್ಕ್ಯಾನರ್ ಸಿಕ್ಕಿಸಿಕೊಂಡೇ ಒಂದು ಏರಿನಲ್ಲಿ ಮೂರನೇ ಗೇರಿನಲ್ಲಿ ಹತ್ತಿಸಿ. ಪಕ್ಕದಲ್ಲಿ ಕೂತವರು ಪರದೆ ನೋಡಲಿ, ನೀವು ರಸ್ತೆ ನೋಡಿ. ಇಸಿಯು ಕೇಳಿದ ಬೂಸ್ಟ್, ನಿಜಕ್ಕೂ ಬಂದ ಬೂಸ್ಟ್, ಎರಡೂ ಅಂಕಿಗಳು ಜೊತೆಜೊತೆಗೆ ಏರಬೇಕು. ಕೇಳಿದ್ದು ಏರಿ ಬಂದದ್ದು ಹಿಂದೆ ಉಳಿದರೆ ಇನ್ನೂ ಎಲ್ಲೋ ಸೋರುತ್ತಿದೆ, ಅಥವಾ ಟರ್ಬೊ ಊದಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ದೊಡ್ಡ ಪೈಪು ಬಿಟ್ಟುಕೊಂಡಿದೆ. ಎಲ್ಲ ಸರಿ ಬಂದರೂ ಒಂದು ವಾರ ಓಡಿಸಿದ ಮೇಲೆ ಬಾನೆಟ್ ಎತ್ತಿ, ಟರ್ಬೊ ಪಕ್ಕದ ತುದಿಗಳನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ ನೋಡಿ. ಹೊಸ ರಬ್ಬರ್ ನಾಲ್ಕಾರು ಸಲ ಕಾದು ತಣಿದ ಮೇಲೆ ಸಡಿಲವಾಗಿದ್ದರೆ ಅಲ್ಲಿಗೊಂದು ಸಣ್ಣ ಸ್ಪ್ರಿಂಗ್ ಕ್ಲಿಪ್ ಹಾಕಿಬಿಡಿ.